ನೆಗಡಿಯ ಬೆನ್ನಿಗೆ ಬರುವ ಸಾವು

ನಮ್ಮ ಊರಿನ ನೂಲಿನ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕಾರ್ಮಿಕರೊಬ್ಬರು ಈಚೆಗೆ ತೀರಿಕೊಂಡರು. ಹೆಸರು ಇಲ್ಲಿ ಬೇಡ. ಲಿಂಫೋಮಾ ಎಂಬ ಕ್ಯಾನ್ಸರಿಗೆ ಬೆಂಗಳೂರಿಗೆ ಹೋಗಿ ಮೂರು ಸಲ ಕೀಮೋ ಹಾಕಿಸಿಕೊಂಡು ಬಂದಿದ್ದರು. ಕೊರಳಿನ ಗಂಟುಗಳು ಕರಗಿದ್ದವು, ಊಟ ರುಚಿಸತೊಡಗಿತ್ತು, ಹಬ್ಬದ ಹೊತ್ತಿಗೆ ಪಾಳಿಗೆ ಬರುತ್ತೇನೆಂದು ಸಂಗಡಿಗರಿಗೆ ಹೇಳಿ ಕಳಿಸಿದ್ದರು. ಮೂರನೆಯ ಕೀಮೋ ಆಗಿ ಒಂಬತ್ತನೆಯ ದಿನ ಮೊಮ್ಮಗಳ ನೆಗಡಿ ಅವರಿಗೂ ಹತ್ತಿತು. ಮರುದಿನ ರಾತ್ರಿ ಚಳಿ ಬಂದು ಮೈ ಬಿಸಿಯಾಯಿತು. ಮನೆಯಲ್ಲಿದ್ದ ಜ್ವರದ ಮಾತ್ರೆ ಕೊಟ್ಟರು, ಬೆವರು ಬಂದು ಮೈ ತಣ್ಣಗಾಯಿತು, ಎಲ್ಲರೂ ಮಲಗಿದರು. ಬೆಳಿಗ್ಗೆ ಮತ್ತೆ ಜ್ವರ, ಮತ್ತೆ ಮಾತ್ರೆ. ಸಂಜೆ ಮಾತು ತೊದಲತೊಡಗಿದಾಗ ಆಟೋ ಕರೆಸಿದರು. ಆಸ್ಪತ್ರೆಯಲ್ಲಿ ಮೊದಲು ಚೀಟಿಯ ಸಾಲು; ಆಮೇಲೆ "ಬೆಂಗಳೂರಿನ ಫೈಲು ಎಲ್ಲಿ ಅಮ್ಮಾ?" ಎಂಬ ಪ್ರಶ್ನೆ, ಅದಾದ ಮೇಲೆ "ಇದು ಕ್ಯಾನ್ಸರ್ ಕೇಸು, ಅಲ್ಲಿಗೇ ಕರೆದುಕೊಂಡು ಹೋಗಿ" ಎಂಬ ಸಲಹೆ. ಮೊದಲ ಇಂಜೆಕ್ಷನ್ ಅವರ ನರಕ್ಕೆ ಇಳಿಯುವ ಹೊತ್ತಿಗೆ ಜ್ವರ ಹುಟ್ಟಿ ಇಪ್ಪತ್ತಾರು ಗಂಟೆ ಕಳೆದಿತ್ತು. ಬೆಳಕು ಹರಿಯುವ ಮುಂಚೆ ಉಸಿರು ನಿಂತಿತು.

ಓಣಿಯವರು "ಕ್ಯಾನ್ಸರ್ ಒಯ್ದಿತು" ಎಂದರು. ಕೆಲವರು "ನೆಗಡಿಗೇ ಹೋದರಂತೆ!" ಎಂದು ಬೆರಗಾದರು. ರಕ್ತವನ್ನು ಕಲ್ಚರ್ ಮಾಡಲು ಇಟ್ಟಿದ್ದರ ವರದಿ ಮೂರು ದಿನದ ಮೇಲೆ ಬಂತು. ರಕ್ತದ ತುಂಬ ಬ್ಯಾಕ್ಟೀರಿಯಾ ಇತ್ತು. ಕ್ಯಾನ್ಸರ್ ಇಳಿಯುತ್ತಿತ್ತು, ನೆಗಡಿ ಎಂಟು ದಿನದಲ್ಲಿ ತಾನಾಗಿ ಹೋಗುತ್ತಿತ್ತು. ಇವೆರಡರ ನಡುವೆ ನುಸುಳಿ ಬಂದ ಮೂರನೆಯ ಸೋಂಕು, ಸಕಾಲಕ್ಕೆ ಕಂಡಿದ್ದರೆ ಪೆಟ್ಟಿಗೆಯಲ್ಲಿದ್ದ ಔಷಧಕ್ಕೆ ಬಗ್ಗಬಹುದಾಗಿದ್ದ ಸೋಂಕು, ಅವರನ್ನು ಕೊಂದಿತು. ಇಂಥ ಸಾವು ಯಾವ ಲೆಕ್ಕದ ಪುಸ್ತಕದಲ್ಲೂ ಅದರ ಹೆಸರಿನಲ್ಲಿ ಜಮೆಯಾಗುವುದಿಲ್ಲ. ಆದುದರಿಂದಲೇ ಈ ವಾರದ ನಮ್ಮ ಅಂಕಣವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ. ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕು. ನಡುವೆ ಶಾಲೆಯ ಪಾಠದಂಥ ಮಾತುಗಳೂ ಬರುತ್ತವೆ.

ಗಿರಣಿಯಲ್ಲಿ ಹತ್ತಿಯ ಧೂಳು ನುಂಗಿದವರಿಗೆ ಶ್ವಾಸನಾಳದ ವ್ಯವಹಾರವನ್ನು ಬಹಳ ವಿವರಿಸಬೇಕಾಗಿಲ್ಲ. ನಮ್ಮ ಉಸಿರಿನ ಕೊಳವೆಗಳ ಒಳಮೈಗೆ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅವುಗಳ ಮೇಲೆ ತೆಳುವಾದ ಲೋಳೆಯ ಪದರ. ಒಳಗೆ ಹೋದ ಧೂಳು, ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಆ ಲೋಳೆಗೆ ಅಂಟುತ್ತವೆ. ರೋಮಗಳು ಹಗಲು ರಾತ್ರಿ ಬಡಿಯುತ್ತ ಅದನ್ನು ಮೇಲಕ್ಕೆ, ಗಂಟಲಿನ ಕಡೆಗೆ ದೂಡುತ್ತವೆ. ಮೂರು ಪಾಳಿಯಲ್ಲೂ ರಜೆ ಇಲ್ಲದೆ ಕಸ ಗುಡಿಸುವ ಕೆಲಸ ಅದು. ಫ್ಲೂ ಜ್ವರದ ವೈರಸ್ಸಾಗಲಿ ಕೋವಿಡ್ ವೈರಸ್ಸಾಗಲಿ ಮೊದಲು ಕೈಹಾಕುವುದು ಈ ಒಳಮೈಗೇ. ರೋಮಗಳಿರುವ ಜೀವಕೋಶಗಳು ಸತ್ತು ಉದುರುತ್ತವೆ, ಗುಡಿಸುವವರು ಇಲ್ಲವಾಗುತ್ತಾರೆ, ಕೊಳವೆಯ ಗೋಡೆ ಹಸಿಗಾಯವಾಗಿ ನಿಲ್ಲುತ್ತದೆ. ಅಷ್ಟರವರೆಗೆ ಮೂಗು ಗಂಟಲುಗಳಲ್ಲಿ ತೆಪ್ಪಗೆ ಕೂತಿದ್ದ ನ್ಯುಮೋಕಾಕಸ್, ಸ್ಟೆಫಿಲೋಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳಿಗೆ ಕೆಳಗೆ ಇಳಿಯಲು ದಾರಿ ಸಿಗುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ವೈರಸ್ಸಿನೊಡನೆ ಹೋರಾಡಲು ದೇಹವು ಹೊರಡಿಸುವ ರಾಸಾಯನಿಕಗಳೇ ಬ್ಯಾಕ್ಟೀರಿಯಾ ತಿನ್ನುವ ಕಣಗಳನ್ನು ಕೆಲದಿನ ಮಂಕಾಗಿಸುತ್ತವೆ. ನೆಗಡಿ, ಫ್ಲೂ ವಾಸಿಯಾಗುತ್ತಿದೆ ಎನ್ನುವಾಗ ಐದಾರನೆಯ ದಿನ ಮತ್ತೆ ಜ್ವರ ಏರಿದರೆ ಹಳೆಯ ವೈದ್ಯರು ಹುಬ್ಬು ಗಂಟಿಕ್ಕುತ್ತಿದ್ದುದು ಇದಕ್ಕೇ.

ಇದು ಹೊಸದಾಗಿ ಕಂಡ ಸಂಗತಿಯಲ್ಲ. 1918ರಲ್ಲಿ ಬೊಂಬಾಯಿಯ ಬಂದರಿನಿಂದ ನಮ್ಮ ದೇಶದೊಳಕ್ಕೆ ಹಬ್ಬಿದ ಇನ್‌ಫ್ಲುಯೆಂಜಾ ಒಂದು ಕೋಟಿಗೂ ಮಿಕ್ಕಿ ಭಾರತೀಯರನ್ನು ಕೊಂದಿತು. ಅಷ್ಟು ಜನರನ್ನು ವೈರಸ್ ಒಂದೇ ಕೊಂದಿತೆ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಕಾಲದಲ್ಲಿ ಸತ್ತ 58 ಜನರ ಶ್ವಾಸಕೋಶದ ತುಣುಕುಗಳನ್ನು, ಜೋಪಾನವಾಗಿ ಇಟ್ಟಿದ್ದನ್ನು, ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಎಂಟು ಸಾವಿರಕ್ಕೂ ಹೆಚ್ಚು ಹಳೆಯ ಶವಪರೀಕ್ಷೆಗಳ ದಾಖಲೆಗಳನ್ನು ಓದಿದರು. ಬಹುಪಾಲು ಸಾವುಗಳಲ್ಲಿ ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಂಡುಬಂತು. ಆಗ ಪೆನಿಸಿಲಿನ್ ಇರಲಿಲ್ಲ. ಅದು ಗೊತ್ತಾದದ್ದೇ 1928ರಲ್ಲಿ. ಇಂದು ಔಷಧಗಳಿಗೆ ಕೊರತೆಯಿಲ್ಲ. ನಮ್ಮ ಗಿರಣಿಯ ಸಂಗಡಿಗರ ವಿಷಯದಲ್ಲಿ ಕೊರತೆಯಾದದ್ದು ಹೊತ್ತು.

ಗಟ್ಟಿಮುಟ್ಟಾದ ಮನುಷ್ಯನಿಗೇ ಹೀಗಾದರೆ ಕ್ಯಾನ್ಸರ್ ರೋಗಿಯ ಪಾಡೇನು? ಇಲ್ಲಿ ಕೀಮೋ ಔಷಧದ ಸ್ವಭಾವವನ್ನು ತಿಳಿಯಬೇಕು. ವೇಗವಾಗಿ ಹೆಚ್ಚುವ ಜೀವಕೋಶಗಳನ್ನು ಕೊಲ್ಲುವುದು ಅದರ ಕೆಲಸ. ಕ್ಯಾನ್ಸರಿನ ಕೋಶ ವೇಗವಾಗಿ ಹೆಚ್ಚುತ್ತದೆ, ನಿಜ. ಆದರೆ ಕೂದಲಿನ ಬೇರು, ಬಾಯಿ ಮತ್ತು ಕರುಳಿನ ಒಳಪದರ, ಎಲುಬಿನ ಮಜ್ಜೆಯಲ್ಲಿ ಹುಟ್ಟುವ ರಕ್ತಕಣ, ಇವೂ ವೇಗವಾಗಿಯೇ ಹೆಚ್ಚುತ್ತವೆ. ಔಷಧಕ್ಕೆ ಗೆಳೆಯ ಯಾರು, ಶತ್ರು ಯಾರು ಎಂಬ ವಿವೇಚನೆ ಕಡಿಮೆ. ಕೂದಲು ಉದುರಿದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ, ನೆರೆಯವರು ಮರುಗುತ್ತಾರೆ. ರಕ್ತದೊಳಗೆ ಬಿಳಿಕಣ ಉದುರಿದ್ದು ಯಾರಿಗೂ ಕಾಣುವುದಿಲ್ಲ, ಪ್ರಾಣಕ್ಕೆ ಎರವಾಗುವುದು ಮಾತ್ರ ಅದೇ.

ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಜಾತಿಯೊಂದಿದೆ. ಬ್ಯಾಕ್ಟೀರಿಯಾ, ಬೂಷ್ಟು ಎಲ್ಲಿ ನುಗ್ಗಿದರೂ ಮೊದಲು ಓಡಿಹೋಗಿ ಅವನ್ನು ನುಂಗುವ ಕಾವಲುಗಾರ ಕಣ ಇದು. ಸಾಮಾನ್ಯ ಮನುಷ್ಯನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 2,000ದಿಂದ 7,000ದವರೆಗೆ ಇರುತ್ತವೆ. ಇವುಗಳ ಆಯುಷ್ಯ ಬಹಳ ಕಡಿಮೆ, ಆದುದರಿಂದ ಮಜ್ಜೆಯು ದಿನವೂ ಹೊಸದನ್ನು ತಯಾರಿಸುತ್ತಲೇ ಇರಬೇಕು. ಕೀಮೋ ಆದ ಮೇಲೆ ಆ ತಯಾರಿಕೆ ನಿಲ್ಲುತ್ತದೆ. ಬಹಳ ಔಷಧಗಳಲ್ಲಿ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಸಂಖ್ಯೆ ತೀರಾ ಕೆಳಗೆ ಇಳಿದು, ಆಮೇಲೆ ನಿಧಾನವಾಗಿ ಏರುತ್ತದೆ. 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಎಂಬ ವೈದ್ಯರೂ ಅವರ ಸಂಗಡಿಗರೂ ರಕ್ತದ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಎಣಿಸಿ ತೋರಿಸಿದರು: ಈ ಕಣಗಳು ಸಾವಿರಕ್ಕಿಂತ ಕೆಳಗೆ ಇಳಿದಷ್ಟೂ ಸೋಂಕು ಹೆಚ್ಚುತ್ತದೆ, ಎಷ್ಟು ದಿನ ಕೆಳಗೇ ಇರುತ್ತವೋ ಅಷ್ಟೂ ಅಪಾಯ ಏರುತ್ತದೆ. ಇಂದಿಗೂ ಜಗತ್ತಿನ ಎಲ್ಲ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ 500 ಎಂಬ ಅಂಕಿಯನ್ನು ಕಂಡರೆ ವೈದ್ಯರು ಎಚ್ಚೆತ್ತು ಕೂರುತ್ತಾರೆ. ನಮ್ಮ ಗಿರಣಿಯ ಸಂಗಡಿಗರಿಗೆ ನೆಗಡಿ ಹತ್ತಿದ್ದು ಒಂಬತ್ತನೆಯ ದಿನ, ಜ್ವರ ಬಂದದ್ದು ಹತ್ತನೆಯ ದಿನ ಎಂಬುದನ್ನು ಇಲ್ಲಿ ನೆನೆಯಿರಿ.

ಇನ್ನೂ ಮೋಸದ ಮಾತೊಂದಿದೆ. ಗಾಯಕ್ಕೆ ಕೀವು ಕಟ್ಟುತ್ತದೆ, ಎದೆಯಲ್ಲಿ ಹಳದಿ ಕಫ ಬರುತ್ತದೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಾಣುತ್ತದೆ ಎಂದರೆ ಸೋಂಕಿದೆ ಎಂದು ನಾವು ಬಲ್ಲೆವು. ಆದರೆ ಕೀವು ಎನ್ನುವುದೇ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಆ ಕಣಗಳೇ ಇಲ್ಲದವನಲ್ಲಿ ಕೀವು ಎಲ್ಲಿಂದ ಬರಬೇಕು? ಕಫ ಕಡಿಮೆ, ಎಕ್ಸ್‌ರೇ ಮೊದಮೊದಲು ನಿರ್ಮಲ, ಗಂಟಲು ಸ್ವಲ್ಪ ಕೆಂಪು. ಎಷ್ಟೋ ಸಲ ಜ್ವರವೊಂದೇ ಸಿಗುವ ಸುಳಿವು. ಆ ಒಂದೇ ಸುಳಿವನ್ನೂ ಜ್ವರದ ಮಾತ್ರೆ ಅಳಿಸಿಹಾಕುತ್ತದೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ರೋಗಿಗೆ ಜ್ವರವೂ ಸರಿಯಾಗಿ ಬರುವುದಿಲ್ಲ. ಬರಿಯ ಸುಸ್ತು, ಚಳಿ, ದಿಕ್ಕುತಪ್ಪಿದ ಮಾತು, ಅಷ್ಟೆ.

ಬ್ಯಾಕ್ಟೀರಿಯಾ ಹೊರಗಿನಿಂದಲೇ ಬರಬೇಕೆಂದೂ ಇಲ್ಲ. ಕೀಮೋದಿಂದ ಬಾಯಿ ಹುಣ್ಣಾದಂತೆಯೇ ಕರುಳಿನ ಒಳಗೋಡೆಯೂ ಹುಣ್ಣಾಗುತ್ತದೆ. ಹುಟ್ಟಿದಾಗಿನಿಂದ ನಮ್ಮ ಹೊಟ್ಟೆಯಲ್ಲೇ ಬಾಡಿಗೆಗಿರುವ ಈ-ಕೋಲಿ, ಕ್ಲೆಬ್ಸಿಯೆಲ್ಲಾಗಳು ಆ ಬಿರುಕಿನಿಂದ ರಕ್ತಕ್ಕೆ ಇಳಿಯುತ್ತವೆ. ಔಷಧ ಹಾಕಲು ಎದೆಯ ದೊಡ್ಡ ನರದಲ್ಲಿ ಕೂರಿಸಿದ ಕೊಳವೆ ಇನ್ನೊಂದು ದಾರಿ. ಶ್ವಾಸಕೋಶದ ಕ್ಯಾನ್ಸರ್ ಆದವರಲ್ಲಿ ಗಡ್ಡೆಯೇ ಕೊಳವೆಗೆ ಬೆಣೆಯಂತೆ ಸಿಕ್ಕಿಕೊಂಡು, ಹಿಂದೆ ಕಫ ಮಡುಗಟ್ಟಿ ಕೊಳೆಯುತ್ತದೆ. ಮೈಲೋಮಾ ಮೊದಲಾದ ರಕ್ತದ ಕ್ಯಾನ್ಸರುಗಳಲ್ಲಿ ಬಿಳಿಕಣಗಳ ಸಂಖ್ಯೆ ಸರಿಯಿದ್ದರೂ ರೋಗನಿರೋಧಕ ದ್ರವ್ಯ ತಯಾರಾಗುವುದಿಲ್ಲ. ಅಂಥವರ ಮೈಯಲ್ಲಿ ಸಾಮಾನ್ಯ ವೈರಸ್ಸೂ ವಾರಗಟ್ಟಲೆ ಉಳಿದು ಬಾಗಿಲನ್ನು ತೆರೆದೇ ಇಡುತ್ತದೆ.

2020 ಮತ್ತು 2021ರ ಕೋವಿಡ್ ವರ್ಷಗಳಲ್ಲಿ ಈ ಪಾಠವನ್ನು ಇಡೀ ದೇಶವೇ ಕಲಿಯಬೇಕಾಯಿತು. ಕಲಿತದ್ದನ್ನು ಅಷ್ಟೇ ಬೇಗ ಮರೆತೂ ಬಿಟ್ಟಿದ್ದೇವೆ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಬಸ್ಸಿಲ್ಲದೆ, ರೈಲಿಲ್ಲದೆ ಎಷ್ಟೋ ಊರುಗಳ ರೋಗಿಗಳಿಗೆ ಕೀಮೋ ತಪ್ಪಿತು. ಕೆಲವರು ಹೆದರಿ ತಾವೇ ನಿಲ್ಲಿಸಿದರು. ಆ ಹೆದರಿಕೆಗೆ ಆಧಾರವಿತ್ತೆ? ಅದೇ ವಸಂತದಲ್ಲಿ ಬ್ರಿಟನ್ನಿನ ವೈದ್ಯರು ಕೋವಿಡ್ ಬಂದ 800 ಕ್ಯಾನ್ಸರ್ ರೋಗಿಗಳ ಲೆಕ್ಕ ಇಟ್ಟರು. ನೂರಕ್ಕೆ 28 ಜನ ಸತ್ತರು. ಅಂಕಿ ಭಯಂಕರವೇ ಸರಿ. ಆದರೆ ಹಿಂದಿನ ನಾಲ್ಕು ವಾರದಲ್ಲಿ ಕೀಮೋ ತೆಗೆದುಕೊಂಡವರು, ತೆಗೆದುಕೊಳ್ಳದವರಿಗಿಂತ ಗಣನೀಯವಾಗಿ ಹೆಚ್ಚು ಸಾಯಲಿಲ್ಲ. ವಯಸ್ಸು ಮತ್ತು ಜೊತೆಗಿದ್ದ ಬೇರೆ ಕಾಯಿಲೆಗಳು ಹೆಚ್ಚು ಕೆಡುಕು ಮಾಡಿದ್ದವು. ಅಂದರೆ ಸೋಂಕಿನ ಭಯಕ್ಕೆ ಚಿಕಿತ್ಸೆಯನ್ನೇ ಬಿಡುವುದು ಜಾಣತನವಲ್ಲ. ಈ ಲೇಖನ ಓದಿ ಯಾರಾದರೂ "ಕೀಮೋ ಬೇಡ" ಎಂದರೆ ನಮ್ಮ ಶ್ರಮವೆಲ್ಲ ವ್ಯರ್ಥ.

ಅದೇ ವರ್ಷ ಜೂನಿನಲ್ಲಿ ಬ್ರಿಟನ್ನಿನಿಂದಲೇ ಇನ್ನೊಂದು ಸುದ್ದಿ ಬಂತು: ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಮಾತ್ರೆ, ಉಸಿರಾಟದ ಯಂತ್ರಕ್ಕೆ ಸೇರಿದ ಕೋವಿಡ್ ರೋಗಿಗಳಲ್ಲಿ ಸಾವನ್ನು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿಸುತ್ತದೆ ಎಂದು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ವರದಿ ಹೇಳಿತ್ತು. ಸುದ್ದಿಯ ಮೊದಲರ್ಧ ಊರೂರಿಗೆ ಮುಟ್ಟಿತು, ಎರಡನೆಯ ಅರ್ಧ ದಾರಿಯಲ್ಲೇ ಉಳಿಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಸಾಮಾನ್ಯ ಕೆಮ್ಮಿನವರೂ ಸ್ಟಿರಾಯ್ಡ್ ನುಂಗಿದರು. ಅದರ ಬೆನ್ನಿಗೇ ಬಂತು ಕಪ್ಪು ಶಿಲೀಂಧ್ರ. ಮ್ಯೂಕರ್ ಎಂಬ ಬೂಷ್ಟು ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಎಲ್ಲೆಲ್ಲೂ ಇರುವಂಥದು. ಅದುವರೆಗೆ ಅದಕ್ಕೆ ತುತ್ತಾಗುತ್ತಿದ್ದವರು ಮುಖ್ಯವಾಗಿ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು ಮತ್ತು ಬಿಳಿಕಣ ಕುಸಿದ ರಕ್ತದ ಕ್ಯಾನ್ಸರಿನವರು. ಆ ವರ್ಷ ಜೂನ್ ಮುಗಿಯುವುದರೊಳಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿತು. ಕಣ್ಣು ಕಳೆದುಕೊಂಡವರು, ದವಡೆ ಕಳೆದುಕೊಂಡವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಆಂಫೋಟೆರಿಸಿನ್ ಎಂಬ ಔಷಧಕ್ಕಾಗಿ ಮಕ್ಕಳು ಜಿಲ್ಲೆಯಿಂದ ಜಿಲ್ಲೆಗೆ ಬೈಕಿನಲ್ಲಿ ಅಲೆದದ್ದು ಎಷ್ಟು ಮನೆಗಳಿಗೆ ನೆನಪಿಲ್ಲ?

ಕೋವಿಡ್ಡಿನದೊಂದು ವಿಶೇಷ ಪ್ರಸಂಗ ಇದೆಂದು ತಳ್ಳಿಹಾಕುವಂತಿಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳಲ್ಲಿ 2009ರಿಂದ 2016ರವರೆಗೆ ಬರಿಯ ಇನ್‌ಫ್ಲುಯೆಂಜಾದಿಂದ ತೀವ್ರ ನಿಗಾ ಘಟಕ ಸೇರಿದ 432 ರೋಗಿಗಳನ್ನು ಪರಿಶೀಲಿಸಿದಾಗ ಐವರಲ್ಲಿ ಸುಮಾರು ಒಬ್ಬರಿಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಶ್ವಾಸಕೋಶಕ್ಕೆ ಹಿಡಿದಿತ್ತು. ಕ್ಯಾನ್ಸರ್ ಮುಂತಾದ ಕಾರಣಗಳಿಂದ ಮೈಯ ಕಾವಲು ಕುಗ್ಗಿದವರಲ್ಲಿ ಮೂವರಿಗೆ ಒಬ್ಬರಂತೆ. ಆಸ್ಪರ್ಜಿಲಸ್ ಬೇರೆಲ್ಲೂ ಅಲ್ಲ, ನಮ್ಮ ಮುಗ್ಗಿದ ಶೇಂಗಾ ಚೀಲದಲ್ಲಿ, ಮಳೆಗೆ ನೆನೆದ ಮೆಕ್ಕೆಜೋಳದ ರಾಶಿಯಲ್ಲಿ, ಉಗ್ರಾಣದ ಮೂಲೆಯ ಹುಲ್ಲಿನಲ್ಲಿ ಇರುತ್ತದೆ. ಕೀಮೋ ನಡೆಯುತ್ತಿರುವ ವರ್ತಕರು "ಮನೆಯಲ್ಲಿ ಕೂತು ಬೇಜಾರು" ಎಂದು ಕಾಳಿನ ಮಳಿಗೆಗೆ ಬಂದು ಗಲ್ಲದ ಮೇಲೆ ಕೂರುವುದನ್ನು ನಾವು ಕಂಡಿದ್ದೇವೆ. ದಯವಿಟ್ಟು ಕೂರಬೇಡಿ. ಚೀಲ ಕೊಡವುವ ಜಾಗದಲ್ಲಂತೂ ನಿಲ್ಲಲೇಬೇಡಿ.

ಈಗ ವೈದ್ಯರ ಮುಂದಿರುವ ತೊಡಕಿಗೆ ಬರೋಣ. ಕ್ಯಾನ್ಸರ್ ರೋಗಿಯೊಬ್ಬ ಕೆಮ್ಮು ಜ್ವರದಿಂದ ಬರುತ್ತಾನೆ. ಮೂಗಿನ ಪರೀಕ್ಷೆಯಲ್ಲಿ ಫ್ಲೂ ಅಥವಾ ಕೋವಿಡ್ ಇದೆ ಎಂದು ತೋರುತ್ತದೆ. "ಸರಿ, ಜ್ವರಕ್ಕೆ ಕಾರಣ ಸಿಕ್ಕಿತು" ಎಂದು ಹುಡುಕಾಟ ಅಲ್ಲಿಗೇ ನಿಂತರೆ ಅನಾಹುತ. ವೈರಸ್ ಸಿಕ್ಕಿದ್ದು ಬ್ಯಾಕ್ಟೀರಿಯಾ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಬಿಳಿಕಣ ಬಿದ್ದವನಲ್ಲಿ ಎರಡೂ ಒಟ್ಟಿಗೆ ಇರಬಹುದು. ಆದುದರಿಂದ ರಕ್ತವನ್ನು ಕಲ್ಚರಿಗೆ ತೆಗೆಯಬೇಕು, ಕಣಗಳ ಎಣಿಕೆ ಮಾಡಿಸಬೇಕು, ವರದಿಗಾಗಿ ಕಾಯದೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಆರಂಭಿಸಬೇಕು. ಕ್ಯಾನ್ಸರ್ ವೈದ್ಯರ ಒಪ್ಪಿತ ಸೂತ್ರ ಇದು: ಬಾಗಿಲೊಳಗೆ ಕಾಲಿಟ್ಟ ಒಂದು ಗಂಟೆಯೊಳಗೆ ಮೊದಲ ಡೋಸು. ಆಮೇಲೆ ಅಪಾಯ ಕಡಿಮೆ ಎಂದು ಕಂಡವರನ್ನು ಮಾತ್ರೆ ಕೊಟ್ಟು ಮನೆಗೆ ಕಳಿಸಬಹುದು, ಎಲ್ಲರಿಗೂ ಹಾಸಿಗೆ ಬೇಕಾಗುವುದಿಲ್ಲ. ಆ ತೀರ್ಮಾನ ವೈದ್ಯರದು. ಮೊದಲ ಗಂಟೆಯ ವಿಷಯದಲ್ಲಿ ಮಾತ್ರ ವಾದವಿಲ್ಲ.

ಇಲ್ಲೇ ಒಂದು ತಪ್ಪು ತಿಳುವಳಿಕೆಯನ್ನೂ ತಡೆಯಬೇಕಾಗಿದೆ. ಇದನ್ನು ಓದಿ ನೆಗಡಿಯಾದವರೆಲ್ಲ ಮೂಲೆಯ ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ಮಾತ್ರೆ ಕೊಂಡು ನುಂಗಬಾರದು. ವೈರಸ್ಸಿಗೆ ಆ ಮಾತ್ರೆ ತಾಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದವರಲ್ಲಿ ಆ್ಯಂಟಿಬಯಾಟಿಕ್ ಬೇಕಾಗುವಂಥ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ನೂರಕ್ಕೆ 8 ಜನರಿಗೆ. ಆ್ಯಂಟಿಬಯಾಟಿಕ್ ಕೊಟ್ಟದ್ದು ಸುಮಾರು 75 ಜನರಿಗೆ. "ಇರಲಿ" ಎಂದು ಕೊಟ್ಟದ್ದು. ಈ "ಇರಲಿ"ಗೆ ದಂಡ ತೆರುವವರು ಯಾರು? ಕ್ಯಾನ್ಸರ್ ರೋಗಿಗಳೇ. ಬೇಡದವರೆಲ್ಲ ನುಂಗಿದ ಔಷಧಕ್ಕೆ ಬಗ್ಗದಷ್ಟು ಗಟ್ಟಿಯಾದ ಕ್ಲೆಬ್ಸಿಯೆಲ್ಲಾ ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬೇರುಬಿಟ್ಟಿದೆ. ಕೊನೆಯ ಅಸ್ತ್ರವೆಂದು ಇಟ್ಟುಕೊಂಡಿದ್ದ ಇಂಜೆಕ್ಷನ್ನುಗಳೂ ಅದರ ಮುಂದೆ ಮೊಂಡಾಗುತ್ತಿವೆ. ಆರೋಗ್ಯವಂತನಿಗೆ ಬೇಡವಾಗಿದ್ದ ಮಾತ್ರೆ, ರೋಗಿಗೆ ಬೇಕಾದ ದಿನ ಕೆಲಸ ಮಾಡುವುದಿಲ್ಲ. ಒಬ್ಬರಿಗೆ ಗಂಟೆಯೊಳಗೆ ಕೊಡಲೇಬೇಕಾದದ್ದನ್ನು ಇನ್ನೊಬ್ಬರಿಗೆ ಕೊಡಲೇಬಾರದು; ಎರಡೂ ಮಾತು ನಿಜ.

ಹಾಗಾದರೆ ನಮ್ಮಂಥ ಜಿಲ್ಲಾ ಊರಿನಲ್ಲಿ ಆ ಒಂದು ಗಂಟೆ ಎಲ್ಲಿ ಕಳೆದುಹೋಗುತ್ತದೆ? ಕ್ಯಾನ್ಸರ್ ಚಿಕಿತ್ಸೆ ದೊಡ್ಡ ಊರಿನಲ್ಲಿ, ಜ್ವರ ಮಾತ್ರ ಸಣ್ಣ ಊರಿನಲ್ಲಿ. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ರಾಜ್ಯದ ಬಡಬಗ್ಗರಿಗೆ ಎಷ್ಟು ಆಸರೆಯಾಗಿದೆ ಎಂಬುದನ್ನು ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೆ ಅಲ್ಲಿ ಕೀಮೋ ಹಾಕಿಸಿಕೊಂಡವನು ಅಂದೇ ರಾತ್ರಿಯ ಬಸ್ಸಿಗೆ ಊರಿಗೆ ಮರಳುತ್ತಾನೆ. ಏಳನೆಯ ದಿನ, ಹತ್ತನೆಯ ದಿನ ಆತನಿರುವುದು ನಮ್ಮ ಓಣಿಯಲ್ಲಿ. ಅವನನ್ನು ಅಂದು ಉಳಿಸಲು ಕ್ಯಾನ್ಸರ್ ತಜ್ಞರು ಬೇಕಾಗಿಲ್ಲ. ಥರ್ಮಾಮೀಟರು ಬೇಕು, ರಾತ್ರಿಯೂ ತೆರೆದಿರುವ ರಕ್ತಪರೀಕ್ಷೆಯ ಕೋಣೆ ಬೇಕು, ಎರಡು ಮೂರು ಬಗೆಯ ಇಂಜೆಕ್ಷನ್ ಬೇಕು, ಅದನ್ನು ಕೊಡಲು ಅಪ್ಪಣೆಗಾಗಿ ಬೆಂಗಳೂರಿನತ್ತ ಮುಖ ಮಾಡದ ಒಬ್ಬ ಡ್ಯೂಟಿ ಡಾಕ್ಟರು ಬೇಕು. ಇದು ದುಬಾರಿ ಬೇಡಿಕೆಯಲ್ಲ. ಜಿಲ್ಲೆಯ ಎಲ್ಲ ಸರಕಾರಿ ಆಸ್ಪತ್ರೆಗಳ ತುರ್ತು ವಿಭಾಗದ ಗೋಡೆಗೆ ನಾಲ್ಕು ಸಾಲಿನ ಆದೇಶ ಅಂಟಿಸಿದರೆ ಆಯಿತು: ಕೀಮೋ ಆದ ರೋಗಿ ಜ್ವರವೆಂದು ಬಂದರೆ ಚೀಟಿಯ ಸಾಲಿಲ್ಲ, ಫೈಲಿನ ಪ್ರಶ್ನೆಯಿಲ್ಲ, ಮೊದಲು ರಕ್ತ, ಕೂಡಲೇ ಇಂಜೆಕ್ಷನ್, ಬೆಂಗಳೂರಿಗೆ ಕಳಿಸುವ ಯೋಚನೆ ಅದಾದ ಮೇಲೆ. ಹೆರಿಗೆ ನೋವು ಬಂದವಳನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆಯೇ? ಹಾಗೆಯೇ ಇದು. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಮಾತಿಗೆ ಉತ್ತರ ಕೊಡಬೇಕೆಂದು ನಮ್ಮ ಆಗ್ರಹ.

ಗಂಟೆ ಕಳೆಯುವುದು ಆಸ್ಪತ್ರೆಯಲ್ಲಿ ಮಾತ್ರವಲ್ಲ, ಪಗಾರದ ಲೆಕ್ಕದಲ್ಲೂ ಕಳೆಯುತ್ತದೆ. ರಾತ್ರಿ ಹನ್ನೊಂದಕ್ಕೆ ಆಟೋ ಮಾಡಿದರೆ ಮುನ್ನೂರು ರೂಪಾಯಿ, ಜೊತೆಗೆ ಹೋದ ಮಗನಿಗೆ ಮರುದಿನದ ಪಾಳಿ ಖೋತಾ. "ಬೆಳಿಗ್ಗೆ ನೋಡೋಣ" ಎಂಬ ಮಾತು ಉದಾಸೀನದಿಂದ ಹುಟ್ಟುವುದಿಲ್ಲ, ಈ ಲೆಕ್ಕದಿಂದ ಹುಟ್ಟುತ್ತದೆ. ಇನ್ನು ಆ ಮನೆಗೆ ವೈರಸ್ ಬಂದದ್ದಾದರೂ ಹೇಗೆ? ಮೊಮ್ಮಗಳಿಗೆ ಶಾಲೆಯಿಂದ ಬಂದಿರಬಹುದು, ಮಗನಿಗೆ ಗಿರಣಿಯಿಂದ ಬಂದಿರಬಹುದು. ಕೆಮ್ಮುವ ಕಾರ್ಮಿಕ ಎರಡು ದಿನ ಮನೆಯಲ್ಲಿ ಉಳಿದರೆ ಇಡೀ ಖಾತೆಯೇ ಉಳಿದೀತು. ಆದರೆ 1948ರಲ್ಲಿ ಇ.ಎಸ್.ಐ. ಕಾಯ್ದೆ ಬರೆದವರು ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲವೆಂದು ಬರೆದರು. ಸೋಂಕು ಇನ್ನೊಬ್ಬರಿಗೆ ಬಲವಾಗಿ ಹರಡುವುದು ಆ ಮೊದಲ ದಿನಗಳಲ್ಲೇ! ಕಳ್ಳ ರಜೆ ತಡೆಯಲು ಮಾಡಿದ ನಿಯಮ ಕೆಮ್ಮನ್ನು ಗಿರಣಿಯೊಳಕ್ಕೆ ಕರೆತಂದಿತು. ಕ್ಯಾನ್ಸರ್ ಬಂದ ಕಾರ್ಮಿಕನಿಗೆ ಅದೇ ಯೋಜನೆಯಲ್ಲಿ ಒಳ್ಳೆಯ ಅವಕಾಶವೂ ಉಂಟು ಎಂಬುದನ್ನು ನ್ಯಾಯವಾಗಿ ಹೇಳಬೇಕು: ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ ಪಗಾರದ ನೂರಕ್ಕೆ 70ರಂತೆ ಸಿಕ್ಕರೆ, ಕ್ಯಾನ್ಸರಿನಂಥ ದೀರ್ಘ ರೋಗಗಳಿಗೆ ನೂರಕ್ಕೆ 80ರಂತೆ, ಎರಡು ವರ್ಷದವರೆಗೂ ವಿಸ್ತರಿಸಿ ಕೊಡುವ ಏರ್ಪಾಡಿದೆ. ಅದಕ್ಕೆ ಎರಡು ವರ್ಷದ ಸೇವೆ ಮತ್ತು ವಂತಿಗೆಯ ದಾಖಲೆ ಬೇಕು. ಗುತ್ತಿಗೆದಾರನ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಹೆಸರು ಬದಲಾಗುವ ಕೂಲಿಗಾರನಿಗೆ ಆ ದಾಖಲೆ ಎಲ್ಲಿಂದ ಬರಬೇಕು? ಸಣ್ಣ ಅಂಗಡಿಕಾರನಿಗಂತೂ ಇದೊಂದೂ ಇಲ್ಲ. ಕದ ಹಾಕಿದ ದಿನ ಗಲ್ಲ ಬರಿದು. ಬಿ.ಪಿ.ಎಲ್. ಕಾರ್ಡಿನವರಿಗೆ ಸರಕಾರದ ಆರೋಗ್ಯ ಯೋಜನೆ ಆಸ್ಪತ್ರೆಯ ಖರ್ಚನ್ನು ಭರಿಸಬಹುದು, ಕಳೆದ ದಿನದ ವ್ಯಾಪಾರವನ್ನು ಭರಿಸುವುದಿಲ್ಲ.

ಇವೆಲ್ಲ ಸರಿಹೋಗುವವರೆಗೆ ಕಾಯುತ್ತ ಕೂರಲಾಗದು. ಕೀಮೋ ನಡೆಯುತ್ತಿರುವ ಮನೆಯವರು ಇಷ್ಟನ್ನಾದರೂ ಮಾಡಿಕೊಳ್ಳಬೇಕು. ನೂರಿನ್ನೂರು ರೂಪಾಯಿಯ ಥರ್ಮಾಮೀಟರು ಮನೆಯಲ್ಲಿರಲಿ. ಕೈಯಿಂದ ಹಣೆ ಮುಟ್ಟಿ ನೋಡುವುದನ್ನು ನಂಬಬೇಡಿ. 100.4 ಡಿಗ್ರಿ ತೋರಿ ಒಂದು ಗಂಟೆ ಹಾಗೆಯೇ ಇದ್ದರೆ, ಅಥವಾ ಒಮ್ಮೆಗೇ 101 ತೋರಿದರೆ, ಹೊತ್ತು ನೋಡದೆ ಹೊರಡಿ. ಅಳೆಯುವ ಮುನ್ನ ಜ್ವರದ ಮಾತ್ರೆ ಕೊಡಬೇಡಿ. ಜ್ವರವಿಲ್ಲದೆ ಮೈ ನಡುಗಿದರೂ, ಉಸಿರು ಕಟ್ಟಿದರೂ, ಮಾತು ತಪ್ಪಿದರೂ ಅದನ್ನು ಜ್ವರವೆಂದೇ ಎಣಿಸಿ. ನೆಗಡಿಯಾದವರು ಎಷ್ಟೇ ಹತ್ತಿರದ ಬಳಗವಾಗಲಿ, ರೋಗಿಯನ್ನು ನೋಡಲು ಬಾರದಿರುವುದೇ ಪ್ರೀತಿ. ಮನೆಯೊಳಗಿನವರಿಗೇ ಆದರೆ ಮೂಗುಬಾಯಿ ಕಟ್ಟಿಕೊಳ್ಳಲಿ, ಕೈ ತೊಳೆಯಲಿ, ಕಿಟಕಿ ತೆರೆದಿಡಲಿ. ದಿನಕ್ಕೆ ನಾಲ್ಕು ಸಲ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಸಣ್ಣ ಕೆಲಸವೆಂದು ತೋರಬಹುದು. ಬಾಯಿಯ ಹುಣ್ಣೂ ಒಂದು ಬಾಗಿಲೇ. ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ ಮತ್ತು ನ್ಯುಮೋಕಾಕಸ್ ಲಸಿಕೆಯ ಬಗ್ಗೆ ಕೀಮೋ ಆರಂಭವಾಗುವ ಮುನ್ನವೇ ವೈದ್ಯರನ್ನು ಕೇಳಿ. ಸರಕಾರದ ಉಚಿತ ಲಸಿಕೆಯ ಕಾರ್ಯಕ್ರಮ ಹೆಚ್ಚಾಗಿ ಮಕ್ಕಳಿಗೂ ಗರ್ಭಿಣಿಯರಿಗೂ ಮೀಸಲಾಗಿರುವುದರಿಂದ, ಇವಕ್ಕೆ ಬಡವನೇ ಜೇಬಿಗೆ ಕೈಹಾಕಬೇಕಾಗಿದೆ. ಕ್ಯಾನ್ಸರ್ ರೋಗಿಗಳಿಗಾದರೂ ಜಿಲ್ಲಾ ಆಸ್ಪತ್ರೆಯಲ್ಲಿ ಇವನ್ನು ಉಚಿತವಾಗಿ ಹಾಕಬೇಕೆಂಬುದು ನಮ್ಮ ಎರಡನೆಯ ಆಗ್ರಹ.

ಇನ್ನೊಂದು ಕೆಲಸ ಇಂದೇ ಮಾಡಬಹುದು. ಫೈಲು ಬೆಂಗಳೂರಿನಲ್ಲಿರಬಹುದು, ಬೀರುವಿನಲ್ಲಿರಬಹುದು, ಗಾಬರಿಯಲ್ಲಿ ಸಿಗದೇ ಇರಬಹುದು. ಒಂದು ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದದ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೀಗೆ ಬರೆಸಿ, ರೇಷನ್ ಕಾರ್ಡಿನ ಹೊದಿಕೆಯೊಳಗೆ ಇಟ್ಟುಕೊಳ್ಳಿ: "ಈ ರೋಗಿಗೆ ಕೀಮೋ ನಡೆಯುತ್ತಿದೆ. ಕೊನೆಯ ಕೀಮೋ ಆದ ತಾರೀಖು ಇಂಥದು. ಕೊಟ್ಟ ಔಷಧದ ಹೆಸರು ಇಂಥದು. ಯಾವ ಔಷಧ ಮೈಗೆ ಒಗ್ಗುವುದಿಲ್ಲವೆಂಬುದು ಇಂಥದು. ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯ ಫೋನ್ ಸಂಖ್ಯೆ ಇಂಥದು. ಜ್ವರವಿದ್ದರೆ ಬಿಳಿಕಣ ಕುಸಿದಿದೆ ಎಂದೇ ಭಾವಿಸಿ, ರಕ್ತ ತೆಗೆದು, ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಡಬೇಕಾಗಿ ವಿನಂತಿ." ಪ್ರತಿ ಸಲ ಕೀಮೋ ಆದಾಗ ತಾರೀಖನ್ನು ಮಾತ್ರ ತಿದ್ದಿದರೆ ಸಾಕು. ಬರೆಯಲು ಬಾರದವರು ಯಾವ ಸಂಕೋಚವೂ ಇಲ್ಲದೆ ಸಂಜೆ ಆರರ ಮೇಲೆ ನಮ್ಮ ಕಚೇರಿಗೆ ಬರಲಿ, ಬರೆದುಕೊಡುತ್ತೇವೆ.